ವ್ಯೂ ಟೆಂಪ್ಲೇಟ್‌ನಲ್ಲಿ ಷರತ್ತು ನೋಡಿ ಕ್ಲಾಸ್ ಹಾಕುವುದು ಹೇಗೆ?

ಕರೆಂಟ್, ನೀರು, ಫೋನ್ ಬಿಲ್‌ಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವ ಪುಟ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕಟ್ಟಿದ ಬಿಲ್ ಮಸುಕಾಗಿರಬೇಕು, ಗಡುವು ದಾಟಿದ್ದು ಕೆಂಪಗಿರಬೇಕು, ಉಳಿದವು ಮಾಮೂಲಿ. ಸಾಲು ಒಂದೇ, ಡೇಟಾ ನೋಡಿಕೊಂಡು ಅದರ ವೇಷ ಬದಲಾಗಬೇಕು. ವ್ಯೂ (Vue) ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ಇದು ತುಂಬಾ ಸಲೀಸು.

ಮೊದಲು ಸಿಎಸ್‌ಎಸ್, ಅಂದರೆ ಪುಟದ ಅಂದಚೆಂದ ಹೇಳುವ ಕೋಡ್, ಬರೆದಿಟ್ಟುಕೊಳ್ಳಿ. ಎಲ್ಲ ಸಾಲಿಗೂ ಬೇಕಾದ ಅಂಚು, ಅಂತರ ಇವೆಲ್ಲ ‘ಬಿಲ್’ ಎಂಬ ಕ್ಲಾಸ್‌ನಲ್ಲಿರಲಿ. ಬಣ್ಣಗಳು ಮಾತ್ರ ‘ಕಟ್ಟಿದ’, ‘ತಡ’, ‘ಬಾಕಿ’ ಎಂಬ ಬೇರೆ ಕ್ಲಾಸ್‌ಗಳಲ್ಲಿರಲಿ. ಅಂದಹಾಗೆ, ಕ್ಲಾಸ್ ಹೆಸರು ಕನ್ನಡದಲ್ಲಿದ್ದರೂ ಬ್ರೌಸರ್‌ಗೆ ಏನೂ ತೊಂದರೆಯಿಲ್ಲ, ಜಾವಾಸ್ಕ್ರಿಪ್ಟ್ ವೇರಿಯಬಲ್‌ಗೂ ಅಷ್ಟೇ. ಆದ್ದರಿಂದ ಇಲ್ಲಿನ ಕೋಡ್ ಹೀಗೇ ಓಡುತ್ತದೆ.

ಇನ್ನು ಟೆಂಪ್ಲೇಟ್, ಅಂದರೆ ಪುಟದ ಎಚ್‌ಟಿಎಂಎಲ್ ಇರುವ ಭಾಗ. ಯಾವಾಗಲೂ ಇರುವ ‘ಬಿಲ್’ ಅನ್ನು ಮಾಮೂಲಿ ಕ್ಲಾಸ್ ಆಟ್ರಿಬ್ಯೂಟ್‌ನಲ್ಲೇ ಬಿಡಿ. ಅದರ ಪಕ್ಕದಲ್ಲಿ, ಹೆಸರಿನ ಮುಂದೆ ಕೋಲನ್ ಹಾಕಿ ಇನ್ನೊಂದು ಕ್ಲಾಸ್ ಆಟ್ರಿಬ್ಯೂಟ್ ಬರೆಯಿರಿ. ಎರಡನ್ನೂ ವ್ಯೂ ತಾನೇ ಸೇರಿಸಿಕೊಳ್ಳುತ್ತದೆ. ಕೋಲನ್ ಇರುವುದರೊಳಗೆ ಹೀಗೊಂದು ಆಬ್ಜೆಕ್ಟ್ ಕೊಡಿ:

{ ಕಟ್ಟಿದ: ಬಿಲ್.ಪಾವತಿ, ತಡ: ಬಿಲ್.ಗಡುವು < ಇಂದು }

ಎಡಕ್ಕೆ ಕ್ಲಾಸ್ ಹೆಸರು, ಬಲಕ್ಕೆ ಷರತ್ತು. ಷರತ್ತಿನಲ್ಲಿರುವ ‘ಬಿಲ್’ ಕ್ಲಾಸ್ ಅಲ್ಲ, ಆ ಸಾಲಿನ ಡೇಟಾ: ‘ಪಾವತಿ’ ಅಂದರೆ ದುಡ್ಡು ಕಟ್ಟಿಯಾಗಿದೆಯೇ, ‘ಗಡುವು’ ಅಂದರೆ ಕೊನೆಯ ದಿನ, ‘ಇಂದು’ ಅಂದರೆ ಇವತ್ತಿನ ತಾರೀಖು. ಷರತ್ತು ನಿಜವಾದರೆ ಕ್ಲಾಸ್ ಅಂಟುತ್ತದೆ, ಸುಳ್ಳಾದರೆ ಬಿಟ್ಟುಹೋಗುತ್ತದೆ, ಡೇಟಾ ಬದಲಾದ ಕೂಡಲೇ ಸಾಲೂ ಬದಲಾಗುತ್ತದೆ. ಹೆಸರಿನ ಮಧ್ಯೆ ಹೈಫನ್ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಇಲ್ಲದಿದ್ದರೆ ಜಾವಾಸ್ಕ್ರಿಪ್ಟ್ ಅದನ್ನು ಕಳೆಯುವ ಚಿಹ್ನೆ ಅಂತ ಓದುತ್ತದೆ.

ಆದರೆ ಮೇಲಿನ ಸಾಲಿನಲ್ಲಿ ಒಂದು ತಪ್ಪು ಅಡಗಿದೆ, ಗಮನಿಸಿದಿರಾ? ಹೋದ ತಿಂಗಳೇ ಕಟ್ಟಿ ಮುಗಿಸಿದ ಬಿಲ್‌ನ ಗಡುವೂ ದಾಟಿರುತ್ತದಲ್ವಾ? ಅದಕ್ಕೆ ಎರಡೂ ಕ್ಲಾಸ್ ಬೀಳುತ್ತವೆ. ಆಗ ಗೆಲ್ಲುವುದು ಸಿಎಸ್‌ಎಸ್ ಫೈಲಿನಲ್ಲಿ ಕೆಳಗೆ ಬರೆದ ಬಣ್ಣ. ಆಟ್ರಿಬ್ಯೂಟ್‌ನಲ್ಲಿ ಯಾವುದು ಮೊದಲು ಬಂತು ಅನ್ನುವುದು ಲೆಕ್ಕಕ್ಕೇ ಇಲ್ಲ. ದುಡ್ಡು ಕಟ್ಟಿದವರಿಗೆ ಕೆಂಪು ತೋರಿಸಿದರೆ ಅವರು ಸುಮ್ನೆ ಗಾಬರಿಯಾಗುತ್ತಾರೆ, ಇನ್ನೊಮ್ಮೆ ಕಟ್ಟಿಬಿಟ್ಟರೂ ಆಶ್ಚರ್ಯವಿಲ್ಲ.

ಹಾಗಾಗಿ ಒಂದು ಸಾಲಿಗೆ ಒಂದೇ ಸ್ಥಿತಿ ಇರಬೇಕಾದ ಕಡೆ ಆಬ್ಜೆಕ್ಟ್ ಬೇಡ. ಸ್ಕ್ರಿಪ್ಟ್‌ನಲ್ಲಿ ‘ಸ್ಥಿತಿ’ ಎಂಬ ಚಿಕ್ಕ ಫಂಕ್ಷನ್ ಬರೆದು ಅದರಿಂದ ಒಂದೇ ಹೆಸರು ವಾಪಸ್ ಬರುವಂತೆ ಮಾಡಿ:

ಬಿಲ್.ಪಾವತಿ ? 'ಕಟ್ಟಿದ' : ಬಿಲ್.ಗಡುವು < ಇಂದು ? 'ತಡ' : 'ಬಾಕಿ'

ಟೆಂಪ್ಲೇಟ್‌ನಲ್ಲಿ ಸ್ಥಿತಿ(ಬಿಲ್) ಅಂತ ಕರೆದರೆ ಸಾಕು. ‘ಆಯ್ಕೆಯಾಗಿದೆ’, ‘ಹೊಸದು’ ತರಹ ಒಂದಕ್ಕೊಂದು ಸಂಬಂಧವಿಲ್ಲದ ಗುಣಗಳಿಗೆ ಮಾತ್ರ ಆಬ್ಜೆಕ್ಟ್ ಇಟ್ಟುಕೊಳ್ಳಿ. ಎರಡೂ ಬೇಕಾದರೆ ಅರೇ ಒಳಗೆ ಒಟ್ಟಿಗೆ ಹಾಕಬಹುದು.

ದಿನಾಂಕದ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಗಡುವು ಪಠ್ಯವಾಗಿದ್ದರೆ 2025-03-05 ಅಂತ ವರ್ಷ ಮೊದಲು ಬರಲಿ, ಆಗ ಹೋಲಿಕೆ ಸರಿಯಾಗುತ್ತದೆ. ದಿನ ಮೊದಲು ಬಂದರೆ ಎಲ್ಲ ತಲೆಕೆಳಗು. ‘ಇಂದು’ ಎಂಬುದನ್ನು ಯುಟಿಸಿ (ಜಾಗತಿಕ ಪ್ರಮಾಣ) ಸಮಯದಿಂದ ತೆಗೆದರೆ ನಮ್ಮಲ್ಲಿ ಬೆಳಗಿನ 5.30ರವರೆಗೂ ನಿನ್ನೆಯ ತಾರೀಖೇ ಬರುತ್ತದೆ, ಆದ್ದರಿಂದ ಸ್ಥಳೀಯ ಸಮಯವನ್ನೇ ಬಳಸಿ.

ಟೈಲ್‌ವಿಂಡ್ ಎಂಬ ಸಿದ್ಧ ಕ್ಲಾಸ್‌ಗಳ ಸಿಎಸ್‌ಎಸ್ ಫ್ರೇಮ್‌ವರ್ಕ್ ಬಳಸುವವರು ಕ್ಲಾಸ್ ಹೆಸರನ್ನು ತುಂಡು ತುಂಡಾಗಿ ಜೋಡಿಸಬೇಡಿ. ಅದು ನಿಮ್ಮ ಫೈಲನ್ನು ಬರೀ ಪಠ್ಯವಾಗಿ ಓದಿ ಹೆಸರು ಹುಡುಕುತ್ತದೆ, ಬಣ್ಣದ ಹೆಸರನ್ನು ಓಡುವಾಗ ಅಂಟಿಸಿದರೆ ಅದಕ್ಕೆ ಸಿಗುವುದೇ ಇಲ್ಲ. ಪೂರ್ತಿ ಹೆಸರು ಬರೆಯಿರಿ. ವ್ಯೂ ತರಹದ್ದೇ ಇನ್ನೊಂದು ಸಾಧನವಾದ ರಿಯಾಕ್ಟ್‌ನಲ್ಲಿ ಕ್ಲಾಸ್ ಅಂದರೆ ಬರೀ ಸ್ಟ್ರಿಂಗ್ (ಪಠ್ಯ), ಆಬ್ಜೆಕ್ಟ್ ನಡೆಯುವುದಿಲ್ಲ. ಅಲ್ಲಿ ಸಿಎಲ್‌ಎಸ್‌ಎಕ್ಸ್ ಎಂಬ ಪುಟ್ಟ ಲೈಬ್ರರಿ ಈ ಕೆಲಸ ಮಾಡಿಕೊಡುತ್ತದೆ.

ಬಣ್ಣವೊಂದನ್ನೇ ನಂಬಬೇಡಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು, ಸ್ಕ್ರೀನ್ ರೀಡರ್ ಬಳಸುವವರು ಕೂಡ ಬಿಲ್ ಕಟ್ಟುತ್ತಾರೆ. ‘ಗಡುವು ಮೀರಿದೆ’ ಅಂತ ಸಾಲಿನಲ್ಲೇ ಬರೆಯಿರಿ, ಅದೇ ಸ್ಥಿತಿ ಫಂಕ್ಷನ್ ಇದಕ್ಕೂ ಆಗುತ್ತದೆ.

ಕೊನೆಗೆ ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆದು ಪರೀಕ್ಷೆ ಮಾಡಿ. ಗಡುವು ದಾಟಿದ ಮೇಲೆ ಕಟ್ಟಿದ ಬಿಲ್ ಒಂದು, ಇನ್ನೂ ಸಮಯವಿರುವ ಬಿಲ್ ಒಂದು, ಇವತ್ತೇ ಕೊನೆಯ ದಿನವಿರುವ ಬಿಲ್ ಒಂದು ಹಾಕಿ ನೋಡಿ. ಈ ಮೂರನೆಯದು ಕೆಂಪಾದರೆ, ಹೋಲಿಕೆಯಲ್ಲಿ < ಇರಬೇಕಾದ ಕಡೆ <= ಬಿದ್ದಿದೆಯೇ ಅಂತ ನೋಡಿ.