ಪೆಲ್ವಿಸ್ ಮುರಿದರೆ: ರಸ್ತೆಯಿಂದ ವಾಕರ್‌ವರೆಗೆ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ ಸಾಮಾನ್ಯವಾಗಿ ಮುರಿಯುವುದು ತೊಡೆಮೂಳೆಯ ಕತ್ತು. ಇಲ್ಲಿ ಹೇಳುತ್ತಿರುವುದು ಬೇರೆ ಪೆಟ್ಟು. ಬೈಕಿಗೆ ಲಾರಿ ಗುದ್ದಿದಾಗ, ಅಡಿಕೆ ಮರದಿಂದ ಬಿದ್ದಾಗ ಮುರಿಯುವ ಪೆಲ್ವಿಸ್‌ನದು, ಅಂದರೆ ಸೊಂಟದ ಮೂಳೆಗಳದು. ಅಕ್ಕಪಕ್ಕದ ಎರಡು ಮೂಳೆ, ಹಿಂದೆ ಬೆನ್ನುಮೂಳೆಯ ಬುಡ, ಮೂರೂ ಸೇರಿ ಒಂದು ಉಂಗುರ. ಗಾಜಿನ ಬಳೆ ಒಂದೇ ಕಡೆ ಮುರಿಯುವುದು ಅಪರೂಪ ಅಲ್ವಾ? ಇದೂ ಹಾಗೇ. ಮುಂದೆ ಬಿರುಕು ಕಂಡರೆ ಡಾಕ್ಟರು ಹಿಂದೆಯೂ ಹುಡುಕುತ್ತಾರೆ. ಸಿಟಿ ಸ್ಕ್ಯಾನ್ ಬರೆದುಕೊಡುವುದು ಅದಕ್ಕೇ.

<b>ರಸ್ತೆಯಲ್ಲಿ</b>

108ಕ್ಕೆ ಫೋನ್ ಮಾಡಿ. ಎಬ್ಬಿಸಿ ಕೂರಿಸಬೇಡಿ, ಆಟೊದಲ್ಲಿ ಮಡಚಿ ತುಂಬಬೇಡಿ. ಹೊರಗೆ ಗಾಯವೇ ಕಾಣದಿದ್ದರೂ ಒಳಗೆ ಲೀಟರ್‌ಗಟ್ಟಲೆ ರಕ್ತ ಸೋರಬಹುದು. ಅದನ್ನು ತಡೆಯಲು ಪೆಲ್ವಿಕ್ ಬೈಂಡರ್ ಎಂಬ ಅಗಲ ಪಟ್ಟಿ ಬಿಗಿಯುತ್ತಾರೆ. ಅದು ಸಿಗದ ಕಡೆ ಮಡಚಿದ ಬೆಡ್‌ಶೀಟೂ ಆದೀತು. ಆದರೆ ಕಟ್ಟುವ ಜಾಗ ಮುಖ್ಯ. ಬೆಲ್ಟ್ ಹಾಕುವಲ್ಲಿ ಕಟ್ಟಿದರೆ ಉಪಯೋಗವಿಲ್ಲ. ತೊಡೆಯ ಮೇಲ್ಭಾಗದಲ್ಲಿ, ಪಕ್ಕಕ್ಕೆ ಉಬ್ಬಿದ ಮೂಳೆ ಕೈಗೆ ಸಿಗುತ್ತದಲ್ಲ, ಅದರ ಮೇಲೇ ಬರಬೇಕು. ಹೆಚ್ಚುಕಡಿಮೆ ಪ್ಯಾಂಟಿನ ಜೇಬಿನ ಮಟ್ಟ. ಮೊದಲು ಜೇಬಿನಿಂದ ಮೊಬೈಲು, ಕೀ ತೆಗೆದುಬಿಡಿ. ಮುರಿದಿದೆಯಾ ಅಂತ ಸೊಂಟ ಅಲ್ಲಾಡಿಸಿ ನೋಡುವುದಂತೂ ಬೇಡವೇ ಬೇಡ. ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಕಳಚಿ ಮತ್ತೆ ಸೋರಲು ಶುರುವಾಗುತ್ತದೆ.

<b>ಆಸ್ಪತ್ರೆಯಲ್ಲಿ</b>

ಮೊದಲು ಜೀವ, ಆಮೇಲೆ ಮೂಳೆ. ರಕ್ತ ಏರಿಸುತ್ತಾರೆ. ಮೂತ್ರದ ದಾರಿಯಲ್ಲಿ ರಕ್ತ ಕಂಡರೆ ಪರೀಕ್ಷೆ ಮಾಡದೆ ನಳಿಕೆ ಹಾಕುವುದಿಲ್ಲ. ಸ್ಥಿತಿ ಗಂಭೀರವಿದ್ದರೆ ಹೊರಗಿನಿಂದ ರಾಡುಗಳ ಚೌಕಟ್ಟು ಕೂರಿಸಿ ಕಾಯುತ್ತಾರೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಉಂಗುರ ಅಲುಗದಿದ್ದರೆ ವಿಶ್ರಾಂತಿ, ನೋವಿನ ಮಾತ್ರೆ, ನಿಧಾನ ನಡಿಗೆ ಸಾಕು. ಎರಡು ಮೂಳೆ ಮುಂಭಾಗದಲ್ಲಿ ಸೇರುವ ಕೀಲು 2.5 ಸೆಂ.ಮೀ.ಗಿಂತ ಜಾಸ್ತಿ ಬಾಯಿಬಿಟ್ಟಿದ್ದರೆ ಸಾಮಾನ್ಯವಾಗಿ ಪ್ಲೇಟು ಹಾಕುತ್ತಾರೆ. ಹಿಂಭಾಗಕ್ಕೆ ಪಕ್ಕದಲ್ಲೊಂದು ಚಿಕ್ಕ ಗಾಯ ಮಾಡಿ, ಸಿ-ಆರ್ಮ್ ಎಕ್ಸ್‌ರೇ ಪರದೆ ನೋಡುತ್ತಾ ಉದ್ದನೆಯ ಸ್ಕ್ರೂ ಕೂರಿಸುತ್ತಾರೆ. ಕಾಲಿಗೆ ಹೋಗುವ ನರಗಳು ಅದರ ಪಕ್ಕದಲ್ಲೇ ಇವೆ. ಆಪರೇಷನ್‌ಗೆ ಮೊದಲೂ ಆಮೇಲೂ ‘ಕಾಲಿನ ಹೆಬ್ಬೆರಳು ಮೇಲೆತ್ತಿ’ ಅಂತ ಡಾಕ್ಟರು ಕೇಳುತ್ತಿದ್ದರೆ, ನರ ಸರಿಯಿದೆಯಾ ಅಂತ ನೋಡುತ್ತಿದ್ದಾರೆ ಎಂದರ್ಥ.

<b>ಮನೆಯಲ್ಲಿ</b>

‘ಪ್ಲೇಟ್ ಹಾಕಿದ್ದಾರಲ್ಲ, ಇನ್ನೇನು, ನಡೆಯಲಿ ಬಿಡಿ’ ಅನ್ನುವ ನೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಪ್ಲೇಟು ಹಿಡಿದುಕೊಂಡಿರುತ್ತದೆ ಅಷ್ಟೇ, ಕೂಡಬೇಕಾದದ್ದು ಮೂಳೆ. ಹಿಂಭಾಗವೂ ಮುರಿದಿದ್ದರೆ ಸಾಮಾನ್ಯವಾಗಿ 6ರಿಂದ 12 ವಾರ ಮುರಿದ ಬದಿಯ ಕಾಲಿಗೆ ಪೂರ್ತಿ ಭಾರ ಹಾಕುವಂತಿಲ್ಲ. ವಾಕರ್ ಹಿಡಿದು ಕಾಲ್ಬೆರಳು ನೆಲಕ್ಕೆ ತಾಗಿಸಿದರೆ ಸಾಕು. ಯಾವಾಗ ಎಷ್ಟು ಭಾರ ಅನ್ನುವುದನ್ನು ಎಕ್ಸ್‌ರೇ ನೋಡಿ ಡಾಕ್ಟರೇ ಹೇಳಬೇಕು. ನೆಲದ ಊಟ, ಇಂಡಿಯನ್ ಕಕ್ಕಸು ಸದ್ಯಕ್ಕೆ ಬೇಡ. ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ.

ನನಗೆ ಹೆಚ್ಚು ಭಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರದ್ದು. ಹೊಟ್ಟೆಗೆ ಚುಚ್ಚುವ ಹೆಪಾರಿನ್ ಇಂಜೆಕ್ಷನ್ ಅದನ್ನು ತಡೆಯಲೆಂದೇ, ತಪ್ಪಿಸಬೇಡಿ. ಮಲಗಿದ್ದಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಆಸ್ಪತ್ರೆಗೆ ತೋರಿಸಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ ಮತ್ತೆ 108. ಹೊಲಿಗೆಯಿಂದ ಕೀವು, ಜ್ವರ ಇದ್ದರೂ ಕಾಯಬೇಡಿ.

ತಿಂಗಳುಗಳ ನಂತರವೂ ಕೆಲವರಿಗೆ ಮೂತ್ರದ ತೊಂದರೆ, ಲೈಂಗಿಕ ತೊಂದರೆ ಉಳಿಯುತ್ತದೆ. ನಾಚಿಕೊಂಡು ಸುಮ್ಮನಿರುವವರೇ ಜಾಸ್ತಿ. ಕೇಳಿದರೆ ಚಿಕಿತ್ಸೆಯಿದೆ. ಪ್ಲೇಟು, ಸ್ಕ್ರೂಗಳನ್ನು ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಮುಂದೆ ಬಸುರಿಯಾದರೆ ಸಿಸೇರಿಯನ್ನೇ ಆಗಬೇಕೆಂದೇನೂ ಇಲ್ಲ. ಹಳೇ ಎಕ್ಸ್‌ರೇ ಜೋಪಾನವಾಗಿಟ್ಟು, ಮೊದಲ ತಪಾಸಣೆಯಲ್ಲೇ ಹೆರಿಗೆ ಡಾಕ್ಟರಿಗೆ ತೋರಿಸಿ.