ರಿಜೆಕ್ಟ್ ಆದ ಅದೇ ಅಂಕಪಟ್ಟಿಗೆ ಮುಂದಿನ ಸೆಮಿಸ್ಟರ್‌ನಲ್ಲೇ ಸೀಟು: ಜರ್ಮನಿ ಮಾಸ್ಟರ್ಸ್, ನನ್ನ ಅನುಭವ

ನನ್ನ ಸಿಜಿಪಿಎ 7.4. ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕಿದಾಗಲೂ ಅಷ್ಟೇ, ಬೇಸಿಗೆ ಸೆಮಿಸ್ಟರ್‌ಗೆ ಹಾಕಿದಾಗಲೂ ಅಷ್ಟೇ. ಐಇಎಲ್‌ಟಿಎಸ್ ಮತ್ತೆ ಬರೆಯಲಿಲ್ಲ, ಹೊಸ ಸರ್ಟಿಫಿಕೇಟ್ ಕೋರ್ಸ್ ಯಾವುದನ್ನೂ ಮಾಡಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲ ಕಡೆಯಿಂದಲೂ ನಿರಾಕರಣೆ ಬಂತು. ಎರಡನೇ ಸುತ್ತಿನಲ್ಲಿ ಎರಡು ಕಡೆ ಅಡ್ಮಿಷನ್ ಸಿಕ್ಕಿತು, ಒಂದರಲ್ಲಿ ಈಗ ಓದುತ್ತಿದ್ದೇನೆ.

ನಡುವಿನ ತಿಂಗಳುಗಳಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಒಮ್ಮೆ ತಿರಸ್ಕೃತವಾದ ಪ್ರೊಫೈಲ್ ಮತ್ತೆ ಹಾಕಿದರೆ ದುಡ್ಡು ದಂಡ ಅಂದರು. ಪ್ರೈವೇಟ್ ಯೂನಿವರ್ಸಿಟಿಗೆ ಹೋಗು, ಇಲ್ಲ ದೇಶ ಬದಲಾಯಿಸು ಅಂದರು. ಬೇಸಿಗೆ ಸೆಮಿಸ್ಟರ್‌ಗೆ ಒಳ್ಳೆಯ ಕೋರ್ಸ್‌ಗಳೇ ಇರುವುದಿಲ್ಲ ಅಂತ ಇಲ್ಲಿಗೆ ಬಂದು ಓದಿದವರೇ ಹೇಳಿದರು. ಅವರ ಮಾತು ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ. ಎಪಿಎಸ್ (ನಮ್ಮ ದಾಖಲೆಗಳ ಪರಿಶೀಲನೆ), ಯುನಿ-ಅಸಿಸ್ಟ್ (ಹಲವು ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಸಂಸ್ಥೆ), ಮೋಟಿವೇಶನ್ ಲೆಟರ್ ಇವೆಲ್ಲ ನಿಮಗೆ ಗೊತ್ತೇ ಇರುತ್ತವೆ, ಅವನ್ನು ಹೆಚ್ಚು ವಿವರಿಸುವುದಿಲ್ಲ.

ಮೊದಲು ದುಡ್ಡಿನ ವಿಷಯ. ಯುನಿ-ಅಸಿಸ್ಟ್‌ನಲ್ಲಿ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಪ್ರತಿ ಅರ್ಜಿಗೆ 30. ಮೊದಲ ಸುತ್ತಿನಲ್ಲಿ ಆರೋ ಏಳೋ ಕೋರ್ಸ್ ಹಾಕಿದ್ದೆ, ಅಲ್ಲಿಗೆ ಸುಮಾರು 250 ಯೂರೋ ಹೋಯಿತು. ದೃಢೀಕೃತ ಪ್ರತಿ, ಕೊರಿಯರ್ ಎಲ್ಲ ಸೇರಿ ಇನ್ನಷ್ಟು. ಎರಡನೇ ಸುತ್ತಿನಲ್ಲಿ ನಾಲ್ಕೇ ಕೋರ್ಸ್, 165 ಯೂರೋ. ಕಡಿಮೆ ಅರ್ಜಿ, ಕಡಿಮೆ ಖರ್ಚು, ಫಲಿತಾಂಶ ಮಾತ್ರ ಹೆಚ್ಚು. ಹತ್ತು ಕಡೆ ಕಲ್ಲು ಎಸೆದರೆ ಒಂದಾದರೂ ತಾಗುತ್ತದೆ ಅನ್ನುವ ಲೆಕ್ಕ ಜರ್ಮನಿಯಲ್ಲಿ ನಡೆಯುವುದಿಲ್ಲ. ಅರ್ಹತೆಯ ನಿಯಮಕ್ಕೆ ಹೊಂದದಿದ್ದರೆ ಹತ್ತೂ ಕಡೆ ಒಂದೇ ಉತ್ತರ.

ನಿರಾಕರಣೆಯ ಪತ್ರವನ್ನು, ಅಂದರೆ ಅಬ್ಲೇನುಂಗ್ಸ್‌ಬೆಶೈಡ್ ಅನ್ನು, ಹೆಚ್ಚಿನವರು ಮೊದಲ ಸಾಲು ಓದಿ ಮುಚ್ಚಿಬಿಡುತ್ತಾರೆ. ನನಗೆ ದಾರಿ ಸಿಕ್ಕಿದ್ದು ಕೆಳಗಿನ ಕಾರಣದ ಸಾಲಿನಲ್ಲಿ. ದಾಖಲೆ ಕಡಿಮೆ ಅಥವಾ ತಡವಾಯಿತು ಅಂದರೆ ಅದು ಬೇರೆ ರೋಗ. ಅರ್ಹತೆ ಇದೆ, ಸೀಟು ಮಿತಿ ಇರುವ ಕೋರ್ಸ್‌ನಲ್ಲಿ ರ‍್ಯಾಂಕ್ ಸಾಲದು ಅಂದರೆ ಬೇರೆ ರೋಗ. ನನ್ನ ಪತ್ರಗಳಲ್ಲಿ ಬಹುಪಾಲು ಹೇಳಿದ್ದು ಮೂರನೆಯದನ್ನು: ಗಣಿತದ ಕ್ರೆಡಿಟ್ ಸಾಲದು, ಅಥವಾ ಪರಿವರ್ತಿತ ಗ್ರೇಡ್ 2.5ಕ್ಕಿಂತ ಕಳಪೆಯಾಗಿದೆ (ಜರ್ಮನ್ ಗ್ರೇಡ್‌ನಲ್ಲಿ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು). ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹಾಕಿದ್ದು ಆಟೊಮೇಶನ್ ಮತ್ತು ಮೆಕಾಟ್ರಾನಿಕ್ಸ್ ಕಡೆಗೆ. ಅಲ್ಲಿ ಗಣಿತದ ಕ್ರೆಡಿಟ್ ಎಷ್ಟು ಅನ್ನುವುದರ ಮೇಲೆಯೇ ಜರಡಿ ಹಿಡಿಯುತ್ತಾರೆ.

ಗ್ರೇಡ್‌ನಿಂದ ಶುರು ಮಾಡುತ್ತೇನೆ. ನಮ್ಮ ಅಂಕವನ್ನು ಜರ್ಮನ್ ಗ್ರೇಡ್‌ಗೆ ಪರಿವರ್ತಿಸುವ ಬವೇರಿಯನ್ ಸೂತ್ರ ನಿಮಗೆ ಬಾಯಿಪಾಠ ಇರಬೇಕು: ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಗರಿಷ್ಠ ಮತ್ತು ತೇರ್ಗಡೆಯ ಕನಿಷ್ಠದ ನಡುವಿನ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. ಎಲ್ಲರೂ ತಮ್ಮ ಅಂಕವನ್ನೇ ನೋಡುತ್ತಾ ಕೂರುತ್ತಾರೆ, ಕನಿಷ್ಠದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನನ್ನ 7.4ಕ್ಕೆ ಕನಿಷ್ಠ 5 ಅಂತ ಹಿಡಿದರೆ 2.56, ಕನಿಷ್ಠ 4 ಅಂತ ಹಿಡಿದರೆ 2.3. ಮೊದಲನೆಯದಕ್ಕೆ ಬಾಗಿಲು ಮುಚ್ಚಿರುತ್ತದೆ, ಎರಡನೆಯದಕ್ಕೆ ತೆರೆದಿರುತ್ತದೆ. ನನ್ನ ಅಂಕಪಟ್ಟಿಯ ಹಿಂಬದಿಯಲ್ಲಿ ಗ್ರೇಡ್‌ಗಳ ಕೋಷ್ಟಕ ಅಸ್ಪಷ್ಟವಾಗಿತ್ತು, ನೋಡಿದವರು 5 ಅಂತ ಹಿಡಿದಿದ್ದರು. ನನ್ನ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ತೇರ್ಗಡೆಗೆ 4 ಅಂತ ಸ್ಪಷ್ಟವಾಗಿ ಇತ್ತು. ಆ ಪುಟದ ಸಮೇತ ಕುಲಸಚಿವರ ಸಹಿ ಇರುವ ಪತ್ರ ತೆಗೆದುಕೊಂಡೆ. ನಿಮ್ಮ ನಿಯಮಾವಳಿಯಲ್ಲಿ 5 ಅಂತಲೇ ಇದ್ದರೆ ಈ ದಾರಿ ನಿಮಗಿಲ್ಲ, ಇಲ್ಲದ್ದನ್ನು ಬರೆಸಿಕೊಳ್ಳಲು ಹೋಗಬೇಡಿ. ಆದರೆ 4 ಇದ್ದೂ ಅದು ಕಾಗದದ ಮೇಲೆ ಕಾಣದೆ ಸೀಟು ಹೋಗುವುದು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಕ್ರೆಡಿಟ್. ಇಲ್ಲಿಯೇ ನಾನು ಹೆಚ್ಚು ಹೊತ್ತು ಕೂತಿದ್ದು. ಇಲ್ಲಿ ಒಂದು ಪೂರ್ಣ ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಅಳತೆ). ನನ್ನ ಸೆಮಿಸ್ಟರ್‌ಗಳಲ್ಲಿ ಸುಮಾರು 24 ಕ್ರೆಡಿಟ್ ಇದ್ದವು. ಹಾಗಾದರೆ ನಾಲ್ಕು ಕ್ರೆಡಿಟ್‌ನ ವಿಷಯ 4 ಗುಣಿಸು 30 ಭಾಗಿಸು 24, ಅಂದರೆ 5 ಇಸಿಟಿಎಸ್ ಆಗಬೇಕು. ಮೊದಲ ಸುತ್ತಿನಲ್ಲಿ ನಾನು ಬರೀ ಅಂಕಪಟ್ಟಿ ಕಳಿಸಿದ್ದೆ, ಒಂದು ಕಡೆ ನಾಲ್ಕನ್ನು ನಾಲ್ಕಾಗಿಯೇ ಎಣಿಸಿದ್ದರು. ನಾಲ್ಕು ಗಣಿತ ಪತ್ರಿಕೆಗಳಿಗೆ 16 ಆಯಿತು, ಅವರಿಗೆ ಬೇಕಿದ್ದದ್ದು 20. ಸರಿಯಾಗಿ ಲೆಕ್ಕ ಹಾಕಿದರೆ ಅದು 20ಕ್ಕೇ ನಿಲ್ಲುತ್ತದೆ.

ಆದ್ದರಿಂದ ಎರಡನೇ ಸುತ್ತಿಗೆ ಒಂದು ಟೇಬಲ್ ಮಾಡಿದೆ. ಎಡಗಡೆ ಆ ವಿಶ್ವವಿದ್ಯಾಲಯ ಕೇಳುವ ವಿಷಯಗಳ ಗುಂಪು, ಅದರ ಎದುರು ನನ್ನ ಪತ್ರಿಕೆ, ಕೋಡ್, ಪಾಠದ ಗಂಟೆಗಳು, ಮೂಲ ಕ್ರೆಡಿಟ್, ಪರಿವರ್ತನೆಯ ಲೆಕ್ಕ, ಸಿಲಬಸ್ ಪುಸ್ತಕದ ಪುಟ ಸಂಖ್ಯೆ. ಕೆಲವು ಕಡೆ ಅವರದೇ ಫಾರಂ ಇರುತ್ತದೆ, ಇಲ್ಲದ ಕಡೆ ನನ್ನದನ್ನೇ ಲಗತ್ತಿಸಿದೆ. ಕಾಲೇಜಿನ ಮೊಹರು ಹಾಕಿಸಿದ ಸಿಲಬಸ್ ಜೊತೆಗಿತ್ತು. ಹೆಸರಿನಲ್ಲಿ ಗಣಿತ ಇಲ್ಲದ ಪತ್ರಿಕೆಗಳಲ್ಲೂ ಗಣಿತ ಇರುತ್ತದೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಫೂರಿಯೇ, ಲಾಪ್ಲಾಸ್ ತುಂಬಿವೆ. ಅದನ್ನು ಗಣಿತದ ಗುಂಪಿಗೆ ಹಾಕಿ ಪುಟ ಸಂಖ್ಯೆ ಕೊಟ್ಟೆ. ಒಂದು ಕಡೆ ಒಪ್ಪಿದರು, ಇನ್ನೊಂದು ಕಡೆ ಒಪ್ಪಲಿಲ್ಲ. ಟೇಬಲ್‌ನ ಕೊನೆಗೆ ಇನ್ನೂ ಒಂದು ಕಾಲಮ್ ಇತ್ತು. ಅದು ನಾನೇ ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಎಡಗಡೆಯ ಗುಂಪುಗಳನ್ನು ಎಲ್ಲಿಂದ ತೆಗೆಯಬೇಕು ಅನ್ನುವುದು ಮುಖ್ಯ. ಇಂಗ್ಲಿಷ್ ಪುಟದಲ್ಲಿ 'ಸಂಬಂಧಪಟ್ಟ ಪದವಿ' ಅಂತ ಒಂದು ವಾಕ್ಯ ಇರುತ್ತದೆ, ಅಷ್ಟೇ. ಎಷ್ಟು ಕ್ರೆಡಿಟ್, ಯಾವ ಗುಂಪಿನಲ್ಲಿ ಅನ್ನುವ ಪಕ್ಕಾ ಸಂಖ್ಯೆ ಜರ್ಮನ್ ಭಾಷೆಯ ಪ್ರವೇಶ ನಿಯಮಾವಳಿಯಲ್ಲಿ, ಅಂದರೆ ಸಾಟ್‌ಸುಂಗ್‌ನಲ್ಲಿ ಇರುತ್ತದೆ. ಕಾನೂನಿನ ಪ್ರಕಾರ ಲೆಕ್ಕಕ್ಕೆ ಬರುವುದೂ ಅದೇ. ನನ್ನ ಅರೆಬರೆ ಬಿ1 ಜರ್ಮನ್ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇಲ್ಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪತ್ರದ ಕೊನೆಗೆ ಮೇಲ್ಮನವಿಯ ಮಾಹಿತಿ ಇರುತ್ತದೆ, ಸಾಮಾನ್ಯವಾಗಿ ಒಂದು ತಿಂಗಳ ಗಡುವು. ಕೆಲವು ರಾಜ್ಯಗಳಲ್ಲಿ ವಿಡರ್‌ಶ್ಪ್ರುಖ್ ಅಂದರೆ ಲಿಖಿತ ಆಕ್ಷೇಪಣೆಗೆ ಅವಕಾಶ ಇದೆ, ಕೆಲವು ಕಡೆ ನೇರವಾಗಿ ಆಡಳಿತ ನ್ಯಾಯಾಲಯಕ್ಕೇ ಹೋಗಬೇಕು. ಒಂದು ಕಡೆ ಆಕ್ಷೇಪಣೆ ಹಾಕಿದೆ. ಸೀಟು ಸಿಗಲಿಲ್ಲ. ಆದರೆ ಉತ್ತರದಲ್ಲಿ ಯಾವ ಪತ್ರಿಕೆಗೆ ಎಷ್ಟು ಕ್ರೆಡಿಟ್ ಎಣಿಸಿದರು ಅನ್ನುವುದು ಸಾಲು ಸಾಲಾಗಿ ಬಂತು. ನಾಲ್ಕನ್ನು ನಾಲ್ಕಾಗಿ ಎಣಿಸಿದ್ದು ಗೊತ್ತಾದದ್ದೇ ಅದರಿಂದ. ಆಕ್ಷೇಪಣೆ ತಿರಸ್ಕೃತವಾದರೆ ಶುಲ್ಕ ಹಾಕುವ ಜಾಗಗಳೂ ಇವೆ, ಹಾಕುವ ಮುಂಚೆ ಕೇಳಿಕೊಳ್ಳಿ. ಫಾಖ್‌ಷ್ಟೂಡಿಯನ್‌ಬೆರಾಟುಂಗ್‌ಗೆ, ಅಂದರೆ ವಿಭಾಗದ ಸಲಹೆಗಾರರಿಗೆ, ನಾಲ್ಕು ಸಾಲಿನ ಇಮೇಲ್ ಹಾಕಿದರೆ ಕೆಲವೊಮ್ಮೆ ಇದೇ ಮಾಹಿತಿ ಪುಕ್ಕಟೆ ಸಿಗುತ್ತದೆ. ಯಾವ ತಿಂಗಳಲ್ಲಿ, ಏನು ಕೇಳಿ ಬರೆದರೆ ಅವರು ಉತ್ತರ ಕೊಡುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಾಗಿದೆ, ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಖ್‌ರ‍್ಯೂಕ್, ಅಂದರೆ ಉಳಿದ ಸೀಟುಗಳ ಸುತ್ತನ್ನು ಕಾದದ್ದು ವ್ಯರ್ಥ. ಸೀಟು ಖಾಲಿಯಾಗುವ ಹೊತ್ತಿಗೆ ತರಗತಿ ಶುರುವಾಗುವ ಸಮಯ ಬಂದಿರುತ್ತದೆ. ವೀಸಾ ಬೇಕಾದವರಿಗೆ ಅದರಿಂದ ಉಪಯೋಗ ಕಡಿಮೆ.

ಇನ್ನು ಪ್ರೈವೇಟ್ ಯೂನಿವರ್ಸಿಟಿ. ಒಬ್ಬ ಏಜೆಂಟ್ 'ಗ್ಯಾರಂಟಿ ಅಡ್ಮಿಷನ್' ಅಂತ ತಿಂಗಳುಗಟ್ಟಲೆ ಬೆನ್ನು ಬಿದ್ದಿದ್ದ. ವರ್ಷಕ್ಕೆ 12,000 ಯೂರೋ ಆಸುಪಾಸು ಫೀಸು, ಅರ್ಧ ತರಗತಿ ಆನ್‌ಲೈನ್. ಎಲ್ಲ ಖಾಸಗಿ ಸಂಸ್ಥೆಯೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸರ್ಕಾರಿ ಮಾನ್ಯತೆ ಇದೆಯೇ ಅಂತ ಹೋಖ್‌ಶೂಲ್‌ಕೊಂಪಾಸ್‌ನಲ್ಲಿ, ಅಂದರೆ ಜರ್ಮನಿಯ ಉನ್ನತ ಶಿಕ್ಷಣ ಸಂಸ್ಥೆಗಳ ಪಟ್ಟಿ ಇರುವ ಜಾಲತಾಣದಲ್ಲಿ ನೋಡಿ. ತರಗತಿ ಹಾಜರಿ ಇರುವಂಥದ್ದೇ, ಪರದೆಯ ಮೇಲಿನದ್ದೇ ಅಂತ ಬರವಣಿಗೆಯಲ್ಲಿ ಕೇಳಿ. ಆಮೇಲೆ ಮಾತ್ರ ದುಡ್ಡು ಕಟ್ಟಿ. ರಿಜೆಕ್ಟ್ ಆದ ವಾರದಲ್ಲಿ ಮನಸ್ಸು ಕುಸಿದಿರುವಾಗಲೇ ಈ ಜನ ಫೋನ್ ಮಾಡುತ್ತಾರೆ. ಆ ವಾರ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಕೋರ್ಸ್ ಆಯ್ಕೆಯಲ್ಲಿ ನಾನು ಬದಲಾಯಿಸಿದ್ದು ಇಷ್ಟೇ. ಸೀಟು ಮಿತಿ ಇಲ್ಲದ, ಅಂದರೆ ಜುಲಾಸುಂಗ್ಸ್‌ಫ್ರೈ ಕೋರ್ಸ್‌ಗಳನ್ನು ಮುಂದಿಟ್ಟೆ. ಅಲ್ಲಿ ಅರ್ಹತೆ ಸಾಬೀತಾದರೆ ಸಾಕು, ಪಕ್ಕದವನ ಅಂಕ ನಿಮ್ಮನ್ನು ಕೆಳಗೆ ತಳ್ಳುವುದಿಲ್ಲ. ನನ್ನ ಟೇಬಲ್ ಕೆಲಸಕ್ಕೆ ಬರುವುದೂ ಅಂಥ ಕಡೆಯೇ. ಫಾಖ್‌ಹೋಖ್‌ಶೂಲ್‌ಗಳನ್ನು, ಅಂದರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳನ್ನು ಸೇರಿಸಿದೆ. ಮಾಸ್ಟರ್ಸ್ ಪದವಿಗೆ ಅಲ್ಲೂ ಸಾಮಾನ್ಯ ವಿಶ್ವವಿದ್ಯಾಲಯದಲ್ಲೂ ಒಂದೇ ಬೆಲೆ ಇದ್ದರೂ ನಮ್ಮ ಜನ ಅವನ್ನು ಯಾಕೆ ಕೀಳಾಗಿ ನೋಡುತ್ತಾರೋ ನನಗೆ ಅರ್ಥವಾಗಿಲ್ಲ. ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಇದೆ, ಆದ್ದರಿಂದ ಆ ರಾಜ್ಯವನ್ನು ಬಿಟ್ಟೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಫೀಸು ಶುರುಮಾಡಿದೆ, ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ, ಅದನ್ನೂ ಬಿಟ್ಟೆ. ಬೇಸಿಗೆ ಸೆಮಿಸ್ಟರ್‌ನ ಗಡುವು ಬಹುತೇಕ ಕಡೆ ಜನವರಿ 15. ಕೋರ್ಸ್‌ಗಳು ಕಡಿಮೆ ಅನ್ನುವುದು ನಿಜ, ಆದರೆ ನನಗೆ ಬೇಕಾದದ್ದು ಒಂದೇ ಸೀಟು.

ಸಿಕ್ಕ ಎರಡರಲ್ಲಿ ಒಂದಕ್ಕೆ ಔಫ್‌ಲಾಗೆ ಇತ್ತು, ಅಂದರೆ ಷರತ್ತು: ಗಣಿತದ 5 ಇಸಿಟಿಎಸ್ ಅನ್ನು ಮೊದಲ ವರ್ಷದೊಳಗೆ ಬ್ಯಾಚುಲರ್ ತರಗತಿಯಲ್ಲಿ ಕೂತು ಮುಗಿಸಬೇಕು. ಸಿಗ್ನಲ್ಸ್ ಪತ್ರಿಕೆಯನ್ನು ಒಪ್ಪದವರು ಇವರೇ. ನಾನು ಇದನ್ನೇ ಆರಿಸಿಕೊಂಡೆ, ಯಾಕೆಂದರೆ ಇಲ್ಲಿನ ನಿಯಂತ್ರಣ ವ್ಯವಸ್ಥೆಗಳ ಪ್ರಯೋಗಾಲಯ ಚೆನ್ನಾಗಿದೆ. ಷರತ್ತಿನ ಅಡ್ಮಿಷನ್ ಕಂಡರೆ ಹೆದರಿ ಬಿಡುವವರಿದ್ದಾರೆ. ಬಿಡಬೇಡಿ, ಅದು ಪೂರ್ಣ ಪ್ರವೇಶವೇ.

ವೀಸಾಕ್ಕಾಗಿ ಜೀವನವೆಚ್ಚದ ಹಣ ಇಟ್ಟು ತೋರಿಸುವ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೋ, ತಿಂಗಳಿಗೆ 992ರ ಲೆಕ್ಕ. ಅದನ್ನು ಅಡ್ಮಿಷನ್ ಪತ್ರ ಕೈಗೆ ಬಂದ ಮೇಲೆಯೇ ಕಟ್ಟಿದೆ. ಮೊದಲ ಸುತ್ತಿನಲ್ಲೇ ಕಟ್ಟಿಬಿಡು ಅಂದವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು, ಅಷ್ಟು ಹಣ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇಲ್ಲಿ ಸೆಮಿಸ್ಟರ್ ಶುಲ್ಕ 300 ಯೂರೋ ಹತ್ತಿರ, ಪ್ರಯಾಣದ ಟಿಕೆಟ್ ಅದರಲ್ಲೇ ಸೇರಿದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಕುಲಸಚಿವರ ಪತ್ರ ಮತ್ತು ಮೊಹರು ಹಾಕಿದ ಸಿಲಬಸ್. ಎರಡೂ ಸೇರಿ ಒಂದೂವರೆ ತಿಂಗಳ ಮೇಲೆಯೇ ಹಿಡಿಯಿತು. ಬೇಸಿಗೆ ಸೆಮಿಸ್ಟರ್‌ಗೆ ಹಾಕುವವರು ಸೆಪ್ಟೆಂಬರ್‌ನಲ್ಲೇ ಆ ಎರಡಕ್ಕೂ ಅರ್ಜಿ ಕೊಟ್ಟುಬಿಡಿ. ಟೇಬಲ್ ಕೆಲಸ ಆಮೇಲೆ ಶುರುಮಾಡಿದರೂ ನಡೆಯುತ್ತದೆ.