ಆರು ಜನ ಹಳಬರು ಹೋದ ಮೇಲೆ

ಒಂದೇ ವರ್ಷದಲ್ಲಿ ನಮ್ಮ ಹಾಕಿ ಟೀಮಿನಿಂದ 6 ಜನ ಹೋದರು. ಒಬ್ಬನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಇಬ್ಬರು ಮಿಲಿಟರಿಗೆ ಸೇರಿದರು, ಒಬ್ಬನಿಗೆ ಮೊಣಕಾಲು ನೋವು, ಇನ್ನಿಬ್ಬರಿಗೆ ಮನೆ, ತೋಟ, ಮಕ್ಕಳು ಅಂತ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಬರಲು ಆಗಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಶಿವಮೊಗ್ಗದಲ್ಲಿ ಹಾಕಿ ಆಡಿ ಯಾರ ಮನೆಯೂ ನಡೆಯುವುದಿಲ್ಲ. ಉಳಿದವರು ಐದು ಜನ ಹಳಬರು, ಜೊತೆಗೆ 15ರಿಂದ 18ರ ಒಳಗಿನ ಒಂದಷ್ಟು ಹುಡುಗರು. ಇವರನ್ನು ಕಟ್ಟಿಕೊಂಡು ಮೂರು ವರ್ಷ ಏನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆಯುತ್ತಿದ್ದೇನೆ. ಬೇರೆ ಊರಲ್ಲಿ ಟೀಮ್ ನಡೆಸುವವರು ಓದಿದರೆ ಅವರಿಗೆ ಒಂದು ವರ್ಷವಾದರೂ ಉಳಿಯಲಿ ಅಂತ ಆಸೆ.

ಮೊದಲ ಸೀಸನ್ನಿನಲ್ಲಿ ಆಡಿದ ಮ್ಯಾಚೆಲ್ಲ ಸೋತೆವು. ಸೋತಿದ್ದಕ್ಕಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಗ್ರೌಂಡಿನಲ್ಲಿ ಸದ್ದೇ ಇರಲಿಲ್ಲ. ನಮ್ಮ ಹಳೆಯ ಸೆಂಟರ್ ಹಾಫ್ ಇದ್ದಾಗ 60 ನಿಮಿಷವೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. 'ಎಡಕ್ಕೆ ಬಾ', 'ಹಿಂದೆ ಮ್ಯಾನ್ ಇದ್ದಾನೆ', 'ಟೈಮ್ ಇದೆ, ತಿರುಗು'. ಅವನು ಹೋದ ಮೇಲೆ ಹುಡುಗರು ಬಾಲ್ ತಗೊಂಡು ತಲೆ ತಗ್ಗಿಸಿ ಓಡುತ್ತಿದ್ದರು, ಹಿಂದಿನಿಂದ ಬಂದವನು ಕಿತ್ತುಕೊಂಡು ಹೋಗುತ್ತಿದ್ದ, ಉಳಿದ ಹತ್ತು ಜನ ನೋಡುತ್ತಾ ನಿಲ್ಲುತ್ತಿದ್ದರು.

ಕಾರಣ ತಿಳಿಯಲು ನನಗೆ ತುಂಬಾ ದಿನ ಬೇಕಾಯಿತು. ನಮ್ಮ ಕಡೆಯ ಹುಡುಗರು ದೊಡ್ಡವರ ಎದುರು ದನಿ ಎತ್ತುವುದಿಲ್ಲ. 16ರ ಹುಡುಗ 28ರವನಿಗೆ 'ಹಿಂದೆ ಬಾ' ಅಂತ ಹೇಳಬೇಕಲ್ವಾ, ಅವನ ಬಾಯಲ್ಲಿ ಮೊದಲು ಬರುವುದು 'ಅಣ್ಣಾ'. ಅಷ್ಟರಲ್ಲಿ ಬಾಲ್ ಹೋಗಿರುತ್ತದೆ. ಅದಕ್ಕೇ ಒಂದು ನಿಯಮ ಮಾಡಿದೆ. ಗೆರೆ ದಾಟಿ ಒಳಗೆ ಬಂದ ಮೇಲೆ ಅಣ್ಣ ಇಲ್ಲ, ಹೆಸರು ಮಾತ್ರ. ಪ್ರಾಕ್ಟೀಸಿನಲ್ಲಿ ಹೆಸರು ಕೂಗದೆ ಕೊಟ್ಟ ಪಾಸ್ ಲೆಕ್ಕಕ್ಕಿಲ್ಲ, ಬಾಲ್ ಎದುರಿನವರಿಗೆ. ಮೊದಲ ವಾರ ಹುಡುಗರ ಮುಖ ಕೆಂಪಾಗುತ್ತಿತ್ತು. ಎರಡು ತಿಂಗಳಲ್ಲಿ ಗ್ರೌಂಡಿನ ಸದ್ದು ರಸ್ತೆಗೆ ಕೇಳುವಂತಾಯಿತು.

ಈಗ ನನ್ನ ದೊಡ್ಡ ತಪ್ಪಿನ ವಿಷಯ.

ಹೊಸನಗರ ಕಡೆಯ ಒಬ್ಬ ಹುಡುಗ ಇದ್ದ, ಫಾರ್ವರ್ಡ್, ಆಗ 16. ಅಂಥ ಓಟ ನಾನು ನಮ್ಮ ಊರಲ್ಲಿ ನೋಡಿರಲಿಲ್ಲ. ಮಣ್ಣಿನ ಗ್ರೌಂಡಿನಲ್ಲಿ ಮೂರು ಜನರನ್ನು ದಾಟಿ ಹೋಗುತ್ತಿದ್ದ. ಎಲ್ಲರೂ ಇವನನ್ನು ಹಾಕು, ಇವನನ್ನು ಹಾಕು ಅಂದರು. ನನಗೂ ಗೆಲ್ಲುವ ಆತುರ. ಬೆಂಗಳೂರಿನಲ್ಲಿ ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ನಡೆದ ಒಂದು ಟೂರ್ನಮೆಂಟಿನಲ್ಲಿ ಮೊದಲ ನಿಮಿಷದಿಂದಲೇ ಇಳಿಸಿಬಿಟ್ಟೆ.

ಮಣ್ಣಿನಲ್ಲಿ ಆಡಿದವರಿಗೆ ಗೊತ್ತು, ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬಾಲ್ ಕುಪ್ಪಳಿಸುತ್ತಾ ಬರುತ್ತದೆ. ಅದಕ್ಕೆ ಹುಡುಗರು ಸ್ಟಿಕ್ ಸ್ವಲ್ಪ ನೆಟ್ಟಗೆ ಹಿಡಿದು ಕೊನೇ ಗಳಿಗೆಯಲ್ಲಿ ಮಣಿಕಟ್ಟು ಆಡಿಸಿ ತಡೆಯುತ್ತಾರೆ. ನೀರು ಹೊಡೆದ ಟರ್ಫಿನಲ್ಲಿ ಅದೇ ಬಾಲ್ ನೆಲಕ್ಕೆ ಅಂಟಿಕೊಂಡು ಜಾರುತ್ತಾ ಬರುತ್ತದೆ. ಸೊಂಟ ಬಗ್ಗಿಸಿ ಸ್ಟಿಕ್ ಮಲಗಿಸದಿದ್ದರೆ ಕೆಳಗಿನಿಂದ ನುಸುಳಿ ಹೋಗುತ್ತದೆ. ನಮ್ಮ ಹುಡುಗನಿಗೆ ಮೊದಲ ಮೂರು ಪಾಸೂ ಹಾಗೇ ಹೋದವು. ಮೂರನೆಯದರಿಂದ ನಮ್ಮ ಮೇಲೆ ಗೋಲಾಯಿತು. ಎರಡನೇ ಕ್ವಾರ್ಟರಿನಲ್ಲಿ ಅವನನ್ನು ಹೊರಗೆ ಕರೆದೆ, ಮತ್ತೆ ಇಳಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಅವನು ಕಿಟಕಿ ಕಡೆ ತಿರುಗಿ ಕೂತಿದ್ದ. ಆಮೇಲೆ ಒಂದೂವರೆ ತಿಂಗಳು ಪ್ರಾಕ್ಟೀಸಿಗೆ ಬರಲಿಲ್ಲ.

ಅವನ ಮನೆಗೆ ಹೋದೆ. ಕೊನೆ ಕೊಯ್ಲಿನ ಸಮಯ, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ಹುಡುಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರ ಜೊತೆ ಕೂತಿದ್ದ, ನನ್ನನ್ನು ನೋಡಿ ಎದ್ದು ಒಳಗೆ ಹೋದ. ಅವನ ಅಪ್ಪ ಕಾಫಿ ಕೊಟ್ಟು ಸುಮ್ನೆ ಒಂದು ಮಾತು ಹೇಳಿದರು. 'ಒಂದೇ ಮರದಲ್ಲಿ ಎಲ್ಲಾ ಕೊನೆ ಒಟ್ಟಿಗೆ ಹದಕ್ಕೆ ಬರಲ್ಲ ಸಾರ್. ಕೊನೆಗಾರ ಕೆಳಗಿನಿಂದ ನೋಡಿ ಒಂದು ಇಳಿಸ್ತಾನೆ, ಒಂದು ಬಿಟ್ಟು ಬರ್ತಾನೆ, ಮತ್ತೆ ಬಂದು ಹತ್ತುತ್ತಾನೆ.' ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಆ ಅಂಗಳ ನನಗೆ ಇನ್ನೊಂದು ದಾರಿ ತೋರಿಸಿತು. ಮಳೆಗಾಲದಲ್ಲಿ ನಮ್ಮ ಗ್ರೌಂಡ್ ಕೆಸರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಅಂದರೆ ಬರೀ ಓಟ. ಅದೇ ಸಮಯದಲ್ಲಿ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಗಳು ಖಾಲಿ ಬಿದ್ದಿರುತ್ತವೆ. ಒದ್ದೆ ಸಿಮೆಂಟಿನ ಮೇಲೆ ಬಾಲ್ ಹೆಚ್ಚು ಕಡಿಮೆ ಟರ್ಫಿನ ಹಾಗೇ ಜಾರುತ್ತದೆ. ಮುಂದಿನ ಮಳೆಗಾಲ ಊರ ಹತ್ತಿರದ ಎರಡು ಅಂಗಳ ಕೇಳಿ ಪಡೆದೆವು. ಪಾಚಿ ಕಟ್ಟಿದ ಕಡೆ ಉಜ್ಜಿ ತೊಳೆದು, ಸ್ಟಿಕ್ಕಿನ ಕೆಳಗೆ ದಪ್ಪ ಟೇಪ್ ಸುತ್ತಿ, ದಿನಾ ಒಬ್ಬೊಬ್ಬ ಹುಡುಗನೂ ನೂರು ಟ್ರ್ಯಾಪ್, ಅಂದರೆ ಬರುವ ಬಾಲನ್ನು ಸ್ಟಿಕ್ಕಿನಲ್ಲಿ ತಡೆದು ನಿಲ್ಲಿಸುವುದು. ಬರೀ ಟ್ರ್ಯಾಪ್, ಹೊಡೆಯುವಂತಿಲ್ಲ. ಎಡಗೈ ಬೆರಳಿನ ಗಂಟು ನೆಲಕ್ಕೆ ತಾಗುವಷ್ಟು ಬಗ್ಗಬೇಕು. ಹುಡುಗರಿಗೆ ಬೇಜಾರಾಗುತ್ತಿತ್ತು. ಆದರೆ ಸೆಪ್ಟೆಂಬರ್ ಹೊತ್ತಿಗೆ ಬಾಲ್ ಸ್ಟಿಕ್ಕಿಗೆ ತಾಗುವ ಸದ್ದೇ ಬದಲಾಗಿತ್ತು. ಮೊದಲು ಟಕ್ ಅಂತ ಪುಟಿಯುತ್ತಿದ್ದದ್ದು ಈಗ ಮೆತ್ತಗೆ ನಿಲ್ಲುತ್ತಿತ್ತು.

ಹುಡುಗ ರೆಡಿ ಇದ್ದಾನಾ ಅಂತ ಕೇಳುವವರು ಮೊದಲು ವಯಸ್ಸು ಕೇಳುತ್ತಾರೆ. ನಾನು ಈಗ ವಯಸ್ಸು ನೋಡುವುದಿಲ್ಲ. ವಿವೇಕ್ ಸಾಗರ್ ಪ್ರಸಾದ್ 2018ರಲ್ಲಿ 17ನೇ ವಯಸ್ಸಿಗೇ ಭಾರತಕ್ಕೆ ಆಡಿದರು ಅಂತ ನನಗೂ ಹೇಳುತ್ತಾರೆ. ನಿಜ. ಆದರೆ ಕೊಡಗಿನ ಕಡೆ ನೋಡಿ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನೂರಾರು ಮನೆತನದ ಟೀಮುಗಳು ಬರುತ್ತವೆ, ಅಜ್ಜನೂ ಮೊಮ್ಮಗನೂ ಒಂದೇ ಟೀಮಿನಲ್ಲಿ ಸ್ಟಿಕ್ ಹಿಡಿಯುತ್ತಾರೆ. ಭಾರತಕ್ಕೆ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬೆಳೆದಿದ್ದು ಅಂಥ ನೆಲದಲ್ಲಿ. ನಮ್ಮದು ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿಯ ಜಿಲ್ಲೆ. ಇಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಕ್ರಿಕೆಟ್ ಬ್ಯಾಟ್. ಹಾಕಿ ಸ್ಟಿಕ್ ಹಿಡಿಯುವಾಗ 13, 14 ದಾಟಿರುತ್ತದೆ. ಹಾಗಾಗಿ ಅಲ್ಲಿಯ 17ಕ್ಕೂ ನಮ್ಮ 17ಕ್ಕೂ ಏಳೆಂಟು ವರ್ಷದ ವ್ಯತ್ಯಾಸ ಇರಬಹುದು. ಸ್ಟಿಕ್ ಹಿಡಿದು ಎಷ್ಟು ವರ್ಷವಾಯಿತು ಅಂತ ಎಣಿಸಬೇಕು.

ಇನ್ನೊಂದು ನೋಡುತ್ತೇನೆ. ಬಾಲ್ ಕಳಕೊಂಡ ಮೇಲಿನ ಐದು ಸೆಕೆಂಡ್. ಕೈ ಮೇಲೆತ್ತಿ ಅಂಪೈರ್ ಕಡೆ ನೋಡುತ್ತಾನಾ, ನಿಂತುಬಿಡುತ್ತಾನಾ, ಇಲ್ಲಾ ತಿರುಗಿ ಓಡುತ್ತಾನಾ. ಪ್ರಾಕ್ಟೀಸಿನಲ್ಲಿ ಗೋಲು ಎಷ್ಟು ಹೊಡೆದ ಅಂತ ಬರೆದಿಡುವುದನ್ನು ಬಿಟ್ಟೆ, ಇದನ್ನು ಬರೆದಿಡಲು ಶುರು ಮಾಡಿದೆ.

ಹುಡುಗರನ್ನು ಒಳಗೆ ತರುವ ರೀತಿಯೂ ಬದಲಾಯಿತು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆ ಅನುಕೂಲವನ್ನು ನಾನು ಮೊದಲು ಬಳಸಿಯೇ ಇರಲಿಲ್ಲ. ಈಗ ಹೊಸಬನಿಗೆ ಎರಡನೇ ಕ್ವಾರ್ಟರಿನಲ್ಲಿ ಐದು ನಿಮಿಷ, ಅವನ ಪಕ್ಕದಲ್ಲೇ ಒಬ್ಬ ಹಳಬ. ಒಂದೇ ಕೆಲಸ ಹೇಳುತ್ತೇನೆ, ಉದಾಹರಣೆಗೆ ಅವರ ರೈಟ್ ಬ್ಯಾಕ್ ಬಲಗಡೆ ತಿರುಗದಂತೆ ನೋಡಿಕೋ ಅಂತ. ಹೊರಗೆ ಬಂದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತೇನೆ. ಡಿಫೆನ್ಸಿನಲ್ಲಿ ಒಂದೇ ಹೊತ್ತಿಗೆ ಇಬ್ಬರಿಗಿಂತ ಜಾಸ್ತಿ ಹೊಸಬರನ್ನು ಇಡುವುದಿಲ್ಲ. ಪೆನಾಲ್ಟಿ ಕಾರ್ನರಿನಲ್ಲಿ ಡ್ರ್ಯಾಗ್ ಫ್ಲಿಕ್ಕಿಗೆ, ಅಂದರೆ ಬಾಲನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಜೋರಾಗಿ ಎಸೆಯುವ ಹೊಡೆತಕ್ಕೆ, ಎದುರು ಓಡುವ ಮೊದಲ ರನ್ನರ್ ಕೆಲಸವನ್ನಂತೂ ಯಾರಿಗೂ ಹೇರುವುದಿಲ್ಲ. 150 ಗ್ರಾಂ ದಾಟಿದ ಗಟ್ಟಿ ಬಾಲ್ ಮೈಮೇಲೆ ಬರುವ ಜಾಗ ಅದು. ಮಾಸ್ಕ್, ಮೊಣಕಾಲಿನ ಗಾರ್ಡ್ ಇಲ್ಲದೆ ಓಡಿಸುವುದೂ ಇಲ್ಲ. ಭದ್ರಾವತಿಯ ಒಬ್ಬ ಹುಡುಗ ತಾನಾಗಿಯೇ ಕೇಳಿ ಬಂದ. ಒಂದು ಸಲ ಮೊಣಕಾಲಿನ ಕೆಳಗೆ ಏಟು ಬಿತ್ತು, ನೀಲಿಗಟ್ಟಿತು. ಮುಂದಿನ ಕಾರ್ನರಿಗೂ ಅದೇ ಗೆರೆಯಲ್ಲಿ ಓಡಿದ. ಅವನ ಬಗ್ಗೆ ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಮೂರು ವರ್ಷ ಸಾಕಾಗಲಿಲ್ವಾ ಅಂತ ಕೇಳಿದವರಿಗೆ ನಾನು ಭಾರತಕ್ಕೆ ಆಡಿದ ಸಿಮ್ರನ್‌ಜೀತ್ ಸಿಂಗ್ ವಿಷಯ ಹೇಳುತ್ತೇನೆ. ಭಾರತ 2008ರ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ, 2012ರಲ್ಲಿ 12ನೇ ಸ್ಥಾನ, ಅಂದರೆ ಕೊನೆ. 2016ರಲ್ಲಿ ಲಖನೌದ ಜೂನಿಯರ್ ವಿಶ್ವಕಪ್ ಫೈನಲ್ಲಿನಲ್ಲಿ ಬೆಲ್ಜಿಯಂ ಮೇಲೆ ಗೋಲು ಹೊಡೆದ ಸಿಮ್ರನ್‌ಜೀತ್, 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದಾಗ ಎರಡು ಗೋಲು ಹೊಡೆದರು. ನಡುವೆ ಐದು ವರ್ಷ. ಅಷ್ಟಾದರೂ ಮೊದಲು ಆರಿಸಿದ 16 ಜನರಲ್ಲಿ ಅವರ ಹೆಸರಿರಲಿಲ್ಲ, ಮೀಸಲು ಆಟಗಾರನಾಗಿ ಹೋಗಿದ್ದರು.

ಹೊಸನಗರದ ಹುಡುಗ ವಾಪಸ್ ಬಂದ. ಅವನಿಗೀಗ 18. ಕಳೆದ ತಿಂಗಳ ಮ್ಯಾಚಿನಲ್ಲಿ ಎದುರಾಳಿಯ ಡಿ (ಗೋಲಿನ ಮುಂದಿನ ಅರ್ಧವೃತ್ತ) ಹತ್ತಿರ ಬಾಲ್ ಕಳಕೊಂಡ. ನಾನು ಉಸಿರು ಹಿಡಿದು ನೋಡುತ್ತಿದ್ದೆ. ತಿರುಗಿ ಅರ್ಧ ಗ್ರೌಂಡ್ ಓಡಿದ, ನಮ್ಮ ಲೆಫ್ಟ್ ಹಾಫ್‌ನ ಹೆಸರು ಕೂಗುತ್ತಾ ಓಡಿದ, ಬಗ್ಗಿ ಸ್ಟಿಕ್ ನೆಲಕ್ಕೆ ಮಲಗಿಸಿ ಬಾಲ್ ಕಿತ್ತುಕೊಂಡ. ಆ ದಿನ ಅವನು ಗೋಲು ಹೊಡೆಯಲಿಲ್ಲ, ನಾವು 2-3ರಲ್ಲಿ ಸೋತೆವು. ಆದರೂ ನಾಲ್ಕೂ ಕ್ವಾರ್ಟರಿನಲ್ಲಿ ಅವನನ್ನು ಆಡಿಸಿದೆ.

ಗೋಲ್‌ಕೀಪರ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಹುಡುಗನಿಗೆ ಕೈ ಚುರುಕು, ಆದರೆ ಹಳೆಯ ಕೀಪರ್ ಬಿಟ್ಟು ಹೋದ ಕಿಕ್ಕರ್ (ಪಾದಕ್ಕೆ ಕಟ್ಟುವ ದಪ್ಪ ಗಾರ್ಡ್) ಅವನ ಕಾಲಿಗೆ ದೊಡ್ಡದು, ಒಳಗೆ ಬಟ್ಟೆ ತುರುಕಿ ಆಡುತ್ತಿದ್ದಾನೆ. ಹೊಸದಕ್ಕೆ ದುಡ್ಡು ಕೂಡಿಸುತ್ತಿದ್ದೇವೆ. ಕೊನೆ ಕೊಯ್ಲು ಶುರುವಾದರೆ ಅರ್ಧ ಹುಡುಗರು ತೋಟಕ್ಕೆ ಹೋಗುತ್ತಾರೆ, ಅದರೊಳಗೆ ಅವನನ್ನು ಎರಡು ಮ್ಯಾಚಾದರೂ ಆಡಿಸಿ ನೋಡಬೇಕು.